ರಜಾದಿನಗಳ ವಿಶ್ವವಿದ್ಯಾಲಯ: ಬಾಲ್ಟಿಮೋರಿನಿಂದ ಬಾಂಗಿಯವರೆಗೆ

ನಮ್ಮ ಸಂಘದ ಕಳೆದ ಮಹಾಸಭೆಗೆ ಬಂದಿದ್ದವರಿಗೆ ನೆನಪಿರಬಹುದು. ಲೆಕ್ಕಪತ್ರ ಮಂಡನೆ ಮುಗಿದು, ಹಿಂದಿನ ಕೋಣೆಯಿಂದ ಕಾಫಿ ಉಪ್ಪಿಟ್ಟಿನ ಪರಿಮಳ ಬರತೊಡಗಿದ ಹೊತ್ತಿನಲ್ಲಿ ಸದಸ್ಯರೊಬ್ಬರು ಎದ್ದು ಒಂದು ಸಲಹೆ ಮುಂದಿಟ್ಟರು. ವಿದ್ಯಾನಿಧಿಯಿಂದ ಪ್ರತಿವರ್ಷ ನಮ್ಮ ಮಕ್ಕಳಲ್ಲಿ ಒಬ್ಬರನ್ನು ಆರಿಸಿ, ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯವೊಂದರ ಬೇಸಿಗೆ ಕೋರ್ಸಿಗೆ ಕಳುಹಿಸಬೇಕು ಎಂಬುದು ಆ ಸಲಹೆ. ಹೈಸ್ಕೂಲು ಓದುತ್ತಿರುವ ಮಕ್ಕಳನ್ನು ರಜೆಯಲ್ಲಿ ಎರಡು ಮೂರು ವಾರ ಕ್ಯಾಂಪಸ್ಸಿನಲ್ಲೇ ಇರಿಸಿಕೊಂಡು ಕಾಲೇಜು ಮಟ್ಟದ ಪಾಠ ಹೇಳುವ ಏರ್ಪಾಡು ಅದು. ಅರ್ಧ ಸಭೆ ಚಪ್ಪಾಳೆ ತಟ್ಟಿತು. ಇನ್ನರ್ಧ ಸಭೆ "ಒಬ್ಬರ ಮಗುವಿಗೆ ಅಷ್ಟು ದುಡ್ಡೇ?" ಎಂದು ಗೊಣಗಿತು. ವಿಷಯವನ್ನು ಮುಂದಿನ ಸಭೆಗೆ ಮುಂದೂಡಿದರು. ಹೊರಗೆ ಬರುವಾಗ ಕಾರ್ಯದರ್ಶಿಗಳು ನನ್ನನ್ನು ಹಿಡಿದು, "ಡಾಕ್ಟ್ರೇ, ನೀವು ಬಾಯೇ ಬಿಡಲಿಲ್ಲ. ಸ್ಮರಣ ಸಂಚಿಕೆಗೆ ಇದರ ಚರಿತ್ರೆಯನ್ನಾದರೂ ಬರೆದುಕೊಡಿ" ಎಂದರು. ನಾನು ಬಾಯಿ ಬಿಡದಿದ್ದುದಕ್ಕೆ ಕಾರಣವಿತ್ತು. ಅದು ಈ ಲೇಖನದಲ್ಲಿ ಮುಂದೆ ಬರುತ್ತದೆ.

ಮೊದಲು ಒಂದು ಗೊಂದಲ ಬಿಡಿಸಬೇಕು. ನಮ್ಮಲ್ಲಿ "ಪ್ರಿ-ಯೂನಿವರ್ಸಿಟಿ" ಎಂದರೆ ಊರಿನಿಂದ ಬಂದವರಿಗೆ ಪಿಯುಸಿ ನೆನಪಾಗುತ್ತದೆ. ಇಲ್ಲೇ ಹುಟ್ಟಿ ಬೆಳೆದವರಿಗೆ ಎಸ್‌ಪಿಎಂ ಆದ ಮೇಲಿನ ಎಸ್‌ಟಿಪಿಎಂ, ಮೆಟ್ರಿಕ್ಯುಲೇಷನ್, ಫೌಂಡೇಷನ್, ಎ-ಲೆವೆಲ್ ನೆನಪಾಗುತ್ತವೆ. ಇವೆಲ್ಲ ಪದವಿಗೆ ಏರುವ ಮೆಟ್ಟಿಲುಗಳು. ಮೆಟ್ರಿಕ್ಯುಲೇಷನ್ ಸೀಟುಗಳಲ್ಲಿ ಭೂಮಿಪುತ್ರರಲ್ಲದವರಿಗೆ 2003ರಿಂದ ಇರುವ ಶೇಕಡಾ 10ರ ಲೆಕ್ಕ ನಮ್ಮ ಪ್ರತಿ ಮನೆಯ ಊಟದ ಮೇಜಿಗೂ ಬಂದಿರುವುದರಿಂದ ಆ ಕಥೆಯನ್ನು ನಾನು ಮತ್ತೆ ಹೇಳಬೇಕಾಗಿಲ್ಲ. ರಜಾ ಕೋರ್ಸು ಅದಲ್ಲ. ಅದರಿಂದ ಸೀಟು ಸಿಗುವುದಿಲ್ಲ, ಮೆಟ್ಟಿಲು ಏರುವುದಿಲ್ಲ. ಮಗು ಹೋಗಿ, ಕಲಿತು, ಮರಳಿ ತನ್ನ ಹಳೆಯ ತರಗತಿಗೇ ಬಂದು ಕೂರುತ್ತದೆ. ಹಾಗಿದ್ದರೆ ಇದನ್ನು ಯಾರು, ಯಾಕೆ ಹುಟ್ಟುಹಾಕಿದರು?

ಹುಟ್ಟಿಗೆ ಕಾರಣ ಬಹಳ ಸರಳ. ರಜೆಯಲ್ಲಿ ವಿಶ್ವವಿದ್ಯಾಲಯ ಖಾಲಿ ಇರುತ್ತದೆ. ಹಾಸ್ಟೆಲ್ಲಿನ ಮಂಚಗಳು ಖಾಲಿ, ಅಡುಗೆಮನೆ ಖಾಲಿ, ಪ್ರಯೋಗಾಲಯಕ್ಕೆ ಬೀಗ. ಹಾರ್ವರ್ಡಿನ ಬೇಸಿಗೆ ಶಾಲೆ ತನ್ನ ಚರಿತ್ರೆಯನ್ನು 1871ರಿಂದ ಎಣಿಸುತ್ತದೆ. ಅಲ್ಲಿ ಮೊದಲು ಬಂದು ಕೂತವರು ಮಕ್ಕಳಲ್ಲ, ಶಾಲಾ ಶಿಕ್ಷಕರು. ಅವರು ಕಲಿತದ್ದು ಸಸ್ಯಶಾಸ್ತ್ರ. ಎರಡು ವರ್ಷದ ನಂತರ, 1873ರಲ್ಲಿ, ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿ ಮ್ಯಾಸಚೂಸೆಟ್ಸ್ ಕರಾವಳಿಯ ಪೆನಿಕೀಸ್ ಎಂಬ ಪುಟ್ಟ ದ್ವೀಪಕ್ಕೆ ಶಿಕ್ಷಕರನ್ನು ಕರೆದೊಯ್ದು, ಸಮುದ್ರ ಜೀವಿಗಳನ್ನು ಕೈಯಲ್ಲಿ ಹಿಡಿದು ನೋಡಿ ಕಲಿಯುವ ಬೇಸಿಗೆ ಶಾಲೆ ನಡೆಸಿದ. ಅದೇ ವರ್ಷದ ಕೊನೆಗೆ ಅವನು ತೀರಿಕೊಂಡ. ದ್ವೀಪದ ಶಾಲೆಯೂ ಹೆಚ್ಚು ಕಾಲ ಬಾಳಲಿಲ್ಲ. ಆದರೆ ರಜೆಯಲ್ಲಿ ಮೇಷ್ಟರನ್ನು ಕರೆಸಿ ಕಲಿಸುವ ರೂಢಿ ಉಳಿಯಿತು.

ಮೇಷ್ಟರ ಜಾಗಕ್ಕೆ ಮಕ್ಕಳು ಬಂದದ್ದು ಬಹಳ ತಡವಾಗಿ. 1957ರ ಅಕ್ಟೋಬರ್ 4ರಂದು ರಷ್ಯನ್ನರು ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದವರಿಗೆ ತಮ್ಮ ಶಾಲೆಗಳ ವಿಜ್ಞಾನ ಪಾಠದ ಬಗ್ಗೆ ದಿಗಿಲು ಹತ್ತಿತು. ಸರ್ಕಾರದ ಹಣ ಹರಿಯಿತು, ಕಾಲೇಜುಗಳು ಬೇಸಿಗೆಯಲ್ಲಿ ಹೈಸ್ಕೂಲು ಹುಡುಗರಿಗೆ ಬಾಗಿಲು ತೆರೆದವು. ಅದೇ 1957ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಆರ್ನಲ್ಡ್ ರಾಸ್ ಎಂಬ ಗಣಿತಜ್ಞ ಶಿಕ್ಷಕರ ತರಬೇತಿಯ ಬೆನ್ನಿಗೇ ಹೈಸ್ಕೂಲು ಮಕ್ಕಳಿಗೆ ಸಂಖ್ಯಾ ಸಿದ್ಧಾಂತದ ಬೇಸಿಗೆ ಪಾಠ ಶುರುಮಾಡಿದರು. 1964ರಲ್ಲಿ ಅದು ಅವರ ಜೊತೆ ಒಹಾಯೋಗೆ ಹೋಯಿತು, ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ.

ಆದರೆ ಈಗ ನಾವು ಕಾಣುತ್ತಿರುವ ರೂಪಕ್ಕೆ, ಅಂದರೆ ಮೊದಲು ಪರೀಕ್ಷೆ, ಆಮೇಲೆ ಆಯ್ಕೆ, ಆಮೇಲೆ ಮೂರು ವಾರ ಕ್ಯಾಂಪಸ್ ಎಂಬ ರೂಪಕ್ಕೆ, ಮೂಲಪುರುಷ ಹನ್ನೆರಡು ವರ್ಷದ ಒಬ್ಬ ಹುಡುಗ. ಹೆಸರು ಜೋಸೆಫ್ ಬೇಟ್ಸ್, ಊರು ಬಾಲ್ಟಿಮೋರ್. ಗಣಿತದಲ್ಲಿ ತರಗತಿಯವರಿಗಿಂತ ಎಷ್ಟೋ ಮುಂದಿದ್ದ ಅವನನ್ನು ತಂದೆತಾಯಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕೋರ್ಸಿಗೆ ಸೇರಿಸಿದ್ದರು. 1968ರ ಬೇಸಿಗೆ ಅದು. ಅಲ್ಲಿಯೂ ಅವನಿಗೆ ಬೇಜಾರು. ದೊಡ್ಡವರನ್ನೆಲ್ಲ ಹಿಂದೆ ಹಾಕಿ, ಹೊತ್ತು ಕಳೆಯಲು ಸ್ನಾತಕೋತ್ತರ ವಿದ್ಯಾರ್ಥಿಗಳಿಗೇ ಫೋರ್ಟ್ರಾನ್ ಹೇಳಿಕೊಡುತ್ತಿದ್ದನಂತೆ! ಏನು ಮಾಡುವುದೆಂದು ತೋಚದೆ ಅವನ ಅಧ್ಯಾಪಕಿ ಅದೇ ವಿಶ್ವವಿದ್ಯಾಲಯದ ಜೂಲಿಯನ್ ಸ್ಟ್ಯಾನ್ಲಿ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕರಿಗೆ ಅವನನ್ನು ಪರಿಚಯಿಸಿದರು.

ಸ್ಟ್ಯಾನ್ಲಿ ಮಾಡಿದ ಕೆಲಸ ವೈದ್ಯನಾದ ನನಗೆ ತುಂಬ ಇಷ್ಟವಾಗುತ್ತದೆ. ಅವರು ಆ ಹುಡುಗನಿಗೆ ಅವನ ವಯಸ್ಸಿನ ಪರೀಕ್ಷೆ ಕೊಡಲಿಲ್ಲ. ಕಾಲೇಜು ಸೇರುವ ಹದಿನೇಳು ವರ್ಷದವರಿಗೆ ಮಾಡಿದ ಪರೀಕ್ಷೆ ಕೊಟ್ಟರು. ಥರ್ಮಾಮೀಟರಿನ ಗೆರೆಗಳು 100 ಡಿಗ್ರಿಗೇ ಮುಗಿದುಬಿಟ್ಟರೆ 101 ಇರುವವನೂ 105 ಇರುವವನೂ ನಿಮಗೆ ಒಂದೇ ರೋಗಿಯಾಗಿ ಕಾಣುತ್ತಾರೆ. ಶಾಲೆಯ ಪರೀಕ್ಷೆಯಲ್ಲಿ ನೂರಕ್ಕೆ ನೂರು ತೆಗೆಯುವ ಮಕ್ಕಳ ಪಾಡೂ ಇದೇ. ಆ ನೂರರ ಆಚೆ ಯಾರು ಎಷ್ಟು ದೂರ ನಿಂತಿದ್ದಾರೆ ಎಂಬುದು ಅಳತೆಗೆ ಸಿಗುವುದಿಲ್ಲ. ಬೇಟ್ಸ್‌ನ ಅಂಕ ಹಾಪ್‌ಕಿನ್ಸ್ ಸೇರಲು ಬೇಕಾದುದಕ್ಕಿಂತ ಹೆಚ್ಚಾಗಿಯೇ ಬಂತು. ಹತ್ತಿರದ ಹೈಸ್ಕೂಲುಗಳು ಅವನಿಗೆ ಮೇಲಿನ ತರಗತಿಯ ಪಾಠ ಕೊಡಲು ಒಪ್ಪದಿದ್ದಾಗ, ಸ್ಟ್ಯಾನ್ಲಿ ಡೀನರ ಮನವೊಲಿಸಿ ಹದಿಮೂರನೆಯ ವಯಸ್ಸಿಗೇ ಅವನನ್ನು ವಿಶ್ವವಿದ್ಯಾಲಯಕ್ಕೆ ಸೇರಿಸಿದರು.

ಒಬ್ಬನಿದ್ದರೆ ಇನ್ನೂ ಇರಬೇಕಲ್ಲ? 1971ರಲ್ಲಿ ಸ್ಟ್ಯಾನ್ಲಿ ಅಧ್ಯಯನ ಆರಂಭಿಸಿ, 1972ರ ಮಾರ್ಚ್‌ನಲ್ಲಿ ಬಾಲ್ಟಿಮೋರ್ ಸುತ್ತಮುತ್ತಲಿನ ಸುಮಾರು 450 ಮಕ್ಕಳನ್ನು ಕರೆಸಿ ಅದೇ ದೊಡ್ಡವರ ಪರೀಕ್ಷೆ ಕೊಟ್ಟರು. ಸಿಕ್ಕವರನ್ನೆಲ್ಲ ಹದಿಮೂರಕ್ಕೇ ಕಾಲೇಜಿಗೆ ದಬ್ಬುವುದು ಸಾಧ್ಯವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದಕ್ಕೆ ಕಂಡುಕೊಂಡ ನಡುವಿನ ದಾರಿಯೇ ರಜಾ ಕೋರ್ಸು. ಶಾಲೆ ಬಿಡುವುದು ಬೇಡ, ಗೆಳೆಯರನ್ನು ಬಿಡುವುದು ಬೇಡ. ವರ್ಷಕ್ಕೆ ಮೂರು ವಾರ ಮಾತ್ರ ತನ್ನಂಥವರ ನಡುವೆ, ತನ್ನ ಓಟದಲ್ಲಿ ಓದಲಿ. 1979ರಲ್ಲಿ ಇದಕ್ಕಾಗಿಯೇ ಹಾಪ್‌ಕಿನ್ಸ್‌ನಲ್ಲಿ ಪ್ರತಿಭಾವಂತ ಕಿರಿಯರ ಕೇಂದ್ರ ಹುಟ್ಟಿತು. ಮರುವರ್ಷ ಡ್ಯೂಕ್ ವಿಶ್ವವಿದ್ಯಾಲಯವೂ ಇಂಥದೇ ಕಾರ್ಯಕ್ರಮ ತೆರೆಯಿತು. ಹಾಪ್‌ಕಿನ್ಸ್‌ನ ಆ ಕೇಂದ್ರವನ್ನು ನೆನಪಿಟ್ಟುಕೊಳ್ಳಿ, ಮೂವತ್ತು ವರ್ಷದ ನಂತರ ಅದು ಸೆಲಾಂಗೋರಿಗೆ ಬರುತ್ತದೆ.

ಈಗ ನಮ್ಮ ಮೈಸೂರು ಸೀಮೆಗೆ ಬರೋಣ. ಅಲ್ಲಿ ನಡೆದದ್ದು ಬೇರೆಯೇ ಕಥೆ. ಸ್ಪುಟ್ನಿಕ್ಕಿನ ಅಲೆ ಭಾರತಕ್ಕೂ ಬಡಿಯಿತು. ಆದರೆ ನಮ್ಮವರು ಬೇಸಿಗೆಯಲ್ಲಿ ಕ್ಯಾಂಪಸ್ಸಿಗೆ ಕರೆದದ್ದು ಮಕ್ಕಳನ್ನಲ್ಲ. 1963ರಿಂದ ಯುಜಿಸಿಯೂ ಎನ್‌ಸಿಇಆರ್‌ಟಿಯೂ ಅಮೆರಿಕದ ನೆರವು ಪಡೆದು ವಿಶ್ವವಿದ್ಯಾಲಯಗಳಲ್ಲಿ ಸಮ್ಮರ್ ಇನ್‌ಸ್ಟಿಟ್ಯೂಟ್‌ಗಳನ್ನು ನಡೆಸತೊಡಗಿದವು. ಕರೆಸಿದ್ದು ವಿಜ್ಞಾನ ಮತ್ತು ಗಣಿತದ ಅಧ್ಯಾಪಕರನ್ನು. ಅದೇ ವರ್ಷ ಮೈಸೂರಿನಲ್ಲಿ ಎನ್‌ಸಿಇಆರ್‌ಟಿಯ ರೀಜನಲ್ ಕಾಲೇಜ್ ಆಫ್ ಎಜುಕೇಷನ್ ಕೂಡ ಶುರುವಾಯಿತು. ಮಗ್ಗುಲಲ್ಲೇ, ಕುವೆಂಪು ಕುಲಪತಿಗಳಾಗಿದ್ದಾಗ ಕಟ್ಟಿ ಹೆಸರಿಟ್ಟ ಮಾನಸಗಂಗೋತ್ರಿ.

ನನ್ನ ತಂದೆ ತಾಲ್ಲೂಕು ಕೇಂದ್ರವೊಂದರ ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟರು. 1966ರ ಬೇಸಿಗೆಯಲ್ಲಿ ಅವರಿಗೂ ಮೈಸೂರಿನಿಂದ ಕರೆ ಬಂತು. ನನಗಾಗ ಎಂಟು ವರ್ಷ. ಮಾವಿನಹಣ್ಣಿನ ಕಾಲದಲ್ಲಿ ಅಪ್ಪ ಮನೆಯಲ್ಲಿ ಇಲ್ಲದ್ದು ಅದೊಂದೇ ವರ್ಷ, ಹಾಗಾಗಿ ನೆನಪು ಗಟ್ಟಿಯಾಗಿದೆ. ಹೋಲ್ಡಾಲು ಸುತ್ತಿಕೊಂಡು ಹೋದವರು ಆರು ವಾರ ವಿದ್ಯಾರ್ಥಿಗಳ ಹಾಸ್ಟೆಲ್ಲಿನಲ್ಲಿ, ವಿದ್ಯಾರ್ಥಿಗಳ ಮಂಚದ ಮೇಲೆ ಮಲಗಿ ಬಂದರು. ಬರುವಾಗ ಎರಡು ದಪ್ಪ ನೋಟುಪುಸ್ತಕ ಮತ್ತು ಒಂದು ಹೊಸ ಹುಚ್ಚು ತಂದರು. ಅಮೆರಿಕದ ಎಂಐಟಿಯಲ್ಲಿ 1956ರಲ್ಲಿ ಜೆರಾಲ್ಡ್ ಜಕರಾಯಸ್ ಎಂಬ ಭೌತಶಾಸ್ತ್ರಜ್ಞರ ಮುಂದಾಳ್ತನದಲ್ಲಿ ಸಮಿತಿಯೊಂದು ಹೈಸ್ಕೂಲು ಭೌತಶಾಸ್ತ್ರವನ್ನು ಹೊಸದಾಗಿ ಬರೆಯಲು ಕೂತಿತ್ತು. ಪಿಎಸ್‌ಎಸ್‌ಸಿ ಎಂದು ಹೆಸರಾದ ಆ ಪಾಠಕ್ರಮದ ಪುಸ್ತಕಗಳು ಭಾರತದಲ್ಲಿ ಅಗ್ಗದ ಮುದ್ರಣದಲ್ಲಿ ಸಿಗುತ್ತಿದ್ದವು. ಅದರಲ್ಲಿ ಅಲೆಗಳನ್ನು ತೋರಿಸುವ ತೊಟ್ಟಿಯೊಂದಿದೆ, ರಿಪಲ್ ಟ್ಯಾಂಕ್ ಅಂತ. ಶಾಲೆಯಲ್ಲಿ ಅದನ್ನು ಕೊಳ್ಳಲು ದುಡ್ಡೆಲ್ಲಿ? ಅಪ್ಪ ಹಳೆಯ ಕಿಟಕಿಯ ಗಾಜು ತಂದು, ಬಡಗಿಯ ಕೈಯಲ್ಲಿ ಸುತ್ತಲೂ ಚೌಕಟ್ಟು ಹಾಕಿಸಿ, ಸಂದಿಗಳಿಗೆ ಮೇಣ ಮೆತ್ತಿ, ನಾಲ್ಕು ಇಟ್ಟಿಗೆ ಕಂಬಗಳ ಮೇಲೆ ಇಟ್ಟು, ಒಂದು ಬೆರಳಷ್ಟು ನೀರು ಹಾಕಿದರು. ಮೇಲೊಂದು ಬಲ್ಬು, ಕೆಳಗೆ ಬಿಳಿ ಕಾಗದ. ನೀರನ್ನು ಬೆರಳಲ್ಲಿ ತಟ್ಟಿದರೆ ಕಾಗದದ ಮೇಲೆ ಅಲೆಯ ನೆರಳು ಬಳೆ ಬಳೆಯಾಗಿ ಹರಡುತ್ತಿತ್ತು. ಎರಡು ಬೆರಳಲ್ಲಿ ತಟ್ಟಿದರೆ ಬಳೆಗಳು ಒಂದರೊಳಗೊಂದು ಹಾಯ್ದು ನಡುವೆ ಅಲೆಯೇ ಇಲ್ಲದ ಗೆರೆಗಳು ಮೂಡುತ್ತಿದ್ದವು. ಅಪ್ಪ ನಿವೃತ್ತರಾಗುವವರೆಗೂ ಪ್ರತಿವರ್ಷ ಆ ತೊಟ್ಟಿ ತರಗತಿಗೆ ಬರುತ್ತಿತ್ತು. ಒಂದು ತರಗತಿಗೆ ನಲವತ್ತು ಮಕ್ಕಳೆಂದರೂ ಎಷ್ಟು ಮಂದಿ ಅದನ್ನು ನೋಡಿರಬೇಕು, ನೀವೇ ಲೆಕ್ಕ ಹಾಕಿ. ಅವರಲ್ಲಿ ಒಬ್ಬನೂ ಮೈಸೂರಿನ ಕ್ಯಾಂಪಸ್ಸಿಗೆ ಕಾಲಿಟ್ಟಿರಲಿಲ್ಲ.

ಪ್ರತಿಭೆ ಹುಡುಕುವ ಪರೀಕ್ಷೆ ನಮ್ಮಲ್ಲೂ ಇರಲಿಲ್ಲವೆಂದಲ್ಲ. 1963ರಲ್ಲಿ ಎನ್‌ಸಿಇಆರ್‌ಟಿ ದೆಹಲಿಯಲ್ಲಿ 10 ವಿದ್ಯಾರ್ಥಿವೇತನಗಳೊಂದಿಗೆ ಶುರುಮಾಡಿ, ಮರುವರ್ಷ 350ಕ್ಕೆ ಏರಿಸಿ ದೇಶಕ್ಕೆಲ್ಲ ವಿಸ್ತರಿಸಿದ ವಿಜ್ಞಾನ ಪ್ರತಿಭಾ ಶೋಧ ಪರೀಕ್ಷೆ ಅದು. ಆಯ್ಕೆಯಾದವರಿಗೆ ಮುಂದೆ ಬೇಸಿಗೆ ಶಾಲೆಗಳೂ ಇದ್ದವು. ಒಂದು ಕಟ್ಟುಪಾಡಿತ್ತು: ಮೂಲವಿಜ್ಞಾನ ಓದಿದರೆ ಮಾತ್ರ ವೇತನ. ವೈದ್ಯಕೀಯವೋ ಎಂಜಿನಿಯರಿಂಗೋ ಸೇರಿದರೆ ಕೈತಪ್ಪುತ್ತಿತ್ತು. 1976ರಲ್ಲಿ ಆ ಕಟ್ಟು ಸಡಿಲವಾಯಿತು. ನಾನು ಅದಕ್ಕೆ ಮೊದಲೇ ಪರೀಕ್ಷೆ ಬರೆದವನು. ಪರೀಕ್ಷೆಯ ಜೊತೆ ಸ್ವಂತ ಪ್ರಯೋಗದ ವರದಿಯನ್ನೂ ಕೊಡಬೇಕಿತ್ತು, ನಾನು ಕೊಟ್ಟದ್ದು ಅಪ್ಪನ ಅಲೆ ತೊಟ್ಟಿಯ ವರದಿ. ಆಯ್ಕೆಯಾಗಲಿಲ್ಲ. ಆಗಿದ್ದರೂ ಮೈಸೂರು ಮೆಡಿಕಲ್ ಕಾಲೇಜಿನ ಸೀಟು ಬಂದಾಗ ಬಿಟ್ಟುಕೊಡಬೇಕಾಗುತ್ತಿತ್ತು ಎಂದು ಸಮಾಧಾನ ಮಾಡಿಕೊಂಡೆ. ದ್ರಾಕ್ಷಿ ಹುಳಿ ಎಂದು ನೀವು ನಕ್ಕರೆ ನನ್ನ ತಕರಾರಿಲ್ಲ.

ಬೆಂಗಳೂರಿನಲ್ಲಿ ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಹುಟ್ಟುಹಾಕಿದ ಸೈನ್ಸ್ ಫೋರಮ್ಮಿನದು ಇನ್ನೊಂದು ಮಾದರಿ. ಪ್ರತಿ ಬುಧವಾರ ಸಂಜೆ ಒಂದು ಉಪನ್ಯಾಸ, ಯಾರು ಬೇಕಾದರೂ ಬಂದು ಕೂರಬಹುದು. ಪರೀಕ್ಷೆ ಇಲ್ಲ, ಫೀಸಿಲ್ಲ, ಹಾಸ್ಟೆಲ್ ಇಲ್ಲ. ಮುಂದೆ 1999ರಲ್ಲಿ ಐಐಎಸ್‌ಸಿ ನಡೆಸಿದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ ಬಂತು. 2008ರ ಕೊನೆಗೆ ಇನ್‌ಸ್ಪೈರ್ ಯೋಜನೆ ಬಂದು, ಹತ್ತನೆಯ ತರಗತಿಯಲ್ಲಿ ಅತಿ ಮೇಲಿನ ಅಂಕ ಪಡೆದವರನ್ನು ಐದು ದಿನ ಕಾಲೇಜು ಕ್ಯಾಂಪಸ್ಸುಗಳಲ್ಲಿ ಇರಿಸಿ ವಿಜ್ಞಾನಿಗಳ ಜೊತೆ ಕೂರಿಸುವ ಶಿಬಿರಗಳು ಆರಂಭವಾದವು. 2022ರಲ್ಲಿ ಹಳೆಯದು ಹೊಸದರಲ್ಲಿ ಸೇರಿಹೋಯಿತು. ಆದರೂ ಮೇಷ್ಟರನ್ನು ಕರೆಸುವ ಹಳೆಯ ದಾರಿ ಪೂರ್ತಿ ಮುಚ್ಚಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ಕುದಾಪುರದಲ್ಲಿರುವ ಐಐಎಸ್‌ಸಿಯ ಎರಡನೆಯ ಆವರಣದಲ್ಲಿ ಶಾಲಾ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ. ಅಪ್ಪ ಇದ್ದಿದ್ದರೆ ಬಸ್ಸು ಹತ್ತಿ ನೋಡಲು ಹೋಗುತ್ತಿದ್ದರು.

ಇನ್ನು ನಮ್ಮ ಮಲೇಶಿಯಾ. ಇಲ್ಲಿಗೆ ನಾನು ಸರ್ಕಾರಿ ಆಸ್ಪತ್ರೆಯ ಕಾಂಟ್ರಾಕ್ಟಿನ ಮೇಲೆ ಬಂದಾಗ ಮೊದಲು ಗಮನಕ್ಕೆ ಬಂದದ್ದು ಬೇಸಿಗೆಯೇ ಇಲ್ಲವೆಂಬುದು. ಉದ್ದನೆಯ ರಜೆ ನವೆಂಬರ್ ಡಿಸೆಂಬರಿನಲ್ಲಿ. ಪೂರ್ವ ಕರಾವಳಿಯ ಕೆಲಾಂತಾನ್, ತೆರೆಂಗಾನುಗಳಲ್ಲಿ ಆಗ ಮಳೆ ಹುಯ್ದು ಹೊಳೆಗಳು ಉಕ್ಕುವ ಕಾಲ. ಕೋವಿಡ್ ನಂತರ ಶಾಲಾ ವರ್ಷ ಮಾರ್ಚಿಗೆ ಜಾರಿ ಈ ಲೆಕ್ಕವೆಲ್ಲ ಕೆಲವು ವರ್ಷ ತಲೆಕೆಳಗಾಯಿತು, ಈಗ ಮತ್ತೆ ಜನವರಿಗೆ ಬರುತ್ತಿದೆ. ಹಾಗಾಗಿ ಇಲ್ಲಿ "ಸಮ್ಮರ್ ಕ್ಯಾಂಪ್" ಎಂಬ ಮಾತಿಗೆ ಅರ್ಥವಿಲ್ಲ. ಜನ ಆಡುವ ಮಾತು ಚುತಿ ಸೆಕೋಲಾ, ಶಾಲೆಯ ರಜೆ.

ವೇಗದ ಮಕ್ಕಳಿಗೆ ಈ ದೇಶ ಮೊದಲು ಕೊಟ್ಟ ಉತ್ತರ ರಜಾ ಕೋರ್ಸಲ್ಲ, ಜಿಗಿತ. 1996ರಲ್ಲಿ ಪಿಟಿಎಸ್ ಎಂಬ ಪರೀಕ್ಷೆ ಬಂತು. ಮೂರನೆಯ ತರಗತಿಯಲ್ಲಿ ಅದನ್ನು ಬರೆದು ಚೆನ್ನಾಗಿ ಪಾಸಾದ ಮಗು ನಾಲ್ಕನೆಯದನ್ನು ಹಾರಿ ನೇರ ಐದಕ್ಕೆ ಹೋಗಬಹುದಿತ್ತು. ತಂದೆತಾಯಿಗಳು ಒಂಬತ್ತು ವರ್ಷದ ಮಕ್ಕಳನ್ನು ಅದಕ್ಕಾಗಿ ಟ್ಯೂಷನ್ನಿಗೆ ಅಟ್ಟತೊಡಗಿದರು. ಹಾರಿದ ಮಕ್ಕಳಲ್ಲಿ ಕೆಲವರು ದೊಡ್ಡವರ ನಡುವೆ ಮಂಕಾದರು ಎಂಬ ದೂರುಗಳೂ ಬಂದವು. 2001ರಲ್ಲಿ ಪರೀಕ್ಷೆಯನ್ನೇ ನಿಲ್ಲಿಸಿದರು.

ನನ್ನ ಮಗಳು 1997ರಲ್ಲಿ ಅದನ್ನು ಬರೆದು ಪಾಸಾದಳು. ನಾನೂ ನನ್ನ ಹೆಂಡತಿಯೂ ರಾತ್ರಿ ಕೂತು ಯೋಚಿಸಿ, ಬೇಡವೆಂದೆವು. ಮಗು ಮಗುವಾಗಿಯೇ ಇರಲಿ, ಗೆಳತಿಯರ ಜೊತೆಗಿರಲಿ. ಆ ತೀರ್ಮಾನ ತಪ್ಪೆಂದು ಇಂದಿಗೂ ನನಗೆ ಅನಿಸುವುದಿಲ್ಲ. ತಪ್ಪಾದದ್ದು ಅದರ ಮುಂದಿನದು. ಹಾರಬೇಡ ಎಂದ ಮೇಲೆ ಅವಳಿಗೆ ಇನ್ನೇನು ಕೊಡಬೇಕೆಂದು ನಾವು ಯೋಚಿಸಲೇ ಇಲ್ಲ. ಐದನೆಯ ತರಗತಿಯಲ್ಲಿ ಶಾಲೆಯಿಂದ ಚೀಟಿಗಳು ಬರತೊಡಗಿದವು. ಪಾಠದಲ್ಲಿ ಗಮನವಿಲ್ಲ, ಕರೆದರೆ ಓಗೊಡುವುದಿಲ್ಲ, ಕಿಟಕಿಯಾಚೆ ನೋಡುತ್ತಾಳೆ. ನಾನು ಫಿಸಿಷಿಯನ್, ಲಕ್ಷಣ ಕಂಡರೆ ಕಾರಣ ಹುಡುಕುವುದು ನನ್ನ ಕಸುಬು. ಕಣ್ಣು ಪರೀಕ್ಷಿಸಿದೆ. ರಕ್ತ ಪರೀಕ್ಷೆ ಮಾಡಿಸಿ ಹಿಮೋಗ್ಲೋಬಿನ್ ನೋಡಿದೆ. ಕೊನೆಗೆ ಇಎನ್‌ಟಿಯಲ್ಲಿದ್ದ ಸ್ನೇಹಿತರ ಹತ್ತಿರ ಕರೆದುಕೊಂಡು ಹೋಗಿ ಕಿವಿಯ ಆಡಿಯೋಗ್ರಾಂ ಮಾಡಿಸಿದೆ. ಎರಡು ಕಿವಿಯೂ ಸರಿಯಿದ್ದವು. ಅವಳಿಗೆ ಬೇಜಾರಾಗಿದೆ ಎಂಬ ರೋಗನಿರ್ಣಯ ಮಾತ್ರ ನನಗೆ ಹೊಳೆಯಲಿಲ್ಲ. ವರ್ಷಗಳ ನಂತರ ಬೇಟ್ಸ್‌ನ ಕಥೆ ಓದಿ ಹೇಳಿದಾಗ ಅವಳು, "ಅಪ್ಪಾ, ನಾನು ಅವನಷ್ಟು ಬುದ್ಧಿವಂತೆ ಅಲ್ಲ. ಆದರೆ ಆ ಬೇಜಾರು ನನಗೆ ಗೊತ್ತು" ಎಂದಳು.

ಅವಳಿಗೆ ಇಪ್ಪತ್ತೊಂದಾದಾಗ, 2009ರಲ್ಲಿ, ಹಾಪ್‌ಕಿನ್ಸ್ ಮಲೇಶಿಯಾಕ್ಕೆ ಬಂತು. ಆಗಿನ ಪ್ರಧಾನಿಯ ಪತ್ನಿ ರೋಸ್ಮಾ ಮನ್ಸೂರ್ ಮುಂದೆ ನಿಂತಿದ್ದ ಪೆರ್ಮಾತಾ ಯೋಜನೆಯ ಒಂದು ಶಾಖೆ ಪೆರ್ಮಾತಾ ಪಿಂತಾರ್. ಪೆರ್ಮಾತಾ ಎಂದರೆ ರತ್ನ, ಪಿಂತಾರ್ ಎಂದರೆ ಜಾಣ. ಮನೆಯಾದದ್ದು ಬಾಂಗಿಯ ಯುಕೆಎಂ, ಅಂದರೆ ಯೂನಿವರ್ಸಿತಿ ಕೆಬಾಂಗ್ಸಾನ್ ಮಲೇಶಿಯಾ. 1970ರಲ್ಲಿ ಮಲಯ ಭಾಷೆಯಲ್ಲಿ ಉನ್ನತ ಶಿಕ್ಷಣ ಕೊಡಬೇಕೆಂಬ ಹಟದಿಂದ ಹುಟ್ಟಿ, 1977ರಲ್ಲಿ ಬಾಂಗಿಯ ಗುಡ್ಡಗಳಿಗೆ ಬಂದ ವಿಶ್ವವಿದ್ಯಾಲಯ ಅದು. ಸ್ಟ್ಯಾನ್ಲಿಯ ಕಲ್ಪನೆಯೇ ಇಲ್ಲೂ ನಡೆಯಿತು. ಮೊದಲ ಜರಡಿ ಯುಕೆಎಂ1, ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಬರೆಯಬಹುದಾದ ಪರೀಕ್ಷೆ. ಅದರಲ್ಲಿ ಮೇಲೆ ಬಂದವರಿಗೆ ಯುಕೆಎಂ2. ಅದರಲ್ಲೂ ಉಳಿದವರು ಡಿಸೆಂಬರ್ ರಜೆಯಲ್ಲಿ ಮೂರು ವಾರ ಬಾಂಗಿಯಲ್ಲಿ. ಪಾಠದ ಮಾದರಿಗೆ ಜಾನ್ಸ್ ಹಾಪ್‌ಕಿನ್ಸ್‌ನ ಕೇಂದ್ರದ ಸಹಯೋಗ. 2011ರಲ್ಲಿ ಅದೇ ಆವರಣದಲ್ಲಿ ವರ್ಷಪೂರ್ತಿಯ ಕಾಲೇಜೂ ತೆರೆಯಿತು. 2018ರಲ್ಲಿ ಸರ್ಕಾರ ಬದಲಾದ ಮೇಲೆ ಹೆಸರು ಬದಲಾಗಿ ಜೀನಿಯಸ್ ಪಿಂತಾರ್ ಕೇಂದ್ರವಾಯಿತು. ಹೆಸರು ಬದಲಾದರೂ ಕೇಂದ್ರ ಉಳಿಯಿತು. ರಾಜಕಾರಣಿಗಳು ಹಚ್ಚಿದ ದೀಪಗಳಲ್ಲಿ ಹೀಗೆ ಆರದೆ ಉಳಿಯುವವು ಕಡಿಮೆ.

2011ರ ಕೊನೆಯಲ್ಲಿ ನಮ್ಮ ಸಂಘದ ಕುಟುಂಬವೊಂದರ ಹುಡುಗ ಆಯ್ಕೆಯಾದ. ತಂದೆ ಊರಲ್ಲಿರಲಿಲ್ಲ, ಹಾಗಾಗಿ ತಾಯಿ ಮಗನನ್ನು ನಾನೇ ಕಾರಿನಲ್ಲಿ ಬಾಂಗಿಗೆ ಬಿಟ್ಟುಬಂದೆ. ಹುಡುಗನಿಗೆ ಹನ್ನೆರಡು. ಅವನ ತಾಯಿ ದಾರಿಯುದ್ದಕ್ಕೂ "ಅಲ್ಲಿ ಮೊಸರು ಸಿಗುತ್ತೋ ಇಲ್ಲವೋ" ಎಂದು ಕೇಳುತ್ತಿದ್ದರು. ಹಾಸ್ಟೆಲ್ ಮುಂದೆ ರಾತ್ರಿಯಿಡೀ ಬಸ್ಸಿನಲ್ಲಿ ಬಂದ ಮಕ್ಕಳು ಸೂಟ್‌ಕೇಸಿನ ಮೇಲೆ ಕೂತು ತೂಕಡಿಸುತ್ತಿದ್ದರು. ಮೂರು ವಾರದ ನಂತರ ಕರೆತರಲು ಹೋದಾಗ ನಮ್ಮ ಹುಡುಗ ಕಾರು ಹತ್ತಲು ಒಪ್ಪಲಿಲ್ಲ, ಕೆಲಾಂತಾನಿನ ಗೆಳೆಯನೊಬ್ಬನ ಜೊತೆ ಏನೋ ಲೆಕ್ಕದ ಜಗಳ ಮುಗಿದಿರಲಿಲ್ಲ. ದಾರಿಯಲ್ಲಿ ಅವನು ಹೇಳಿದ ಒಂದು ಮಾತು ನೆನಪಿದೆ: "ಅಂಕಲ್, ಅಲ್ಲಿ ನಾನು ಫಸ್ಟ್ ಅಲ್ಲ, ಗೊತ್ತಾ?" ಹೇಳುವಾಗ ಮುಖದಲ್ಲಿ ಬೇಸರವಿರಲಿಲ್ಲ, ಹಗುರವಾದಂತಿತ್ತು. ಸದಾ ಮೊದಲಿಗನಾಗಿರುವ ಮಗುವಿಗೂ ಒಂದು ಹೊರೆ ಇರುತ್ತದೆ ಎಂದು ನನಗೆ ಹೊಳೆದದ್ದು ಆಗ.

ಇಷ್ಟು ಹೊಗಳಿದ ಮೇಲೆ ವೈದ್ಯನಾಗಿ ಒಂದು ಸಂಶಯ ಹೇಳಲೇಬೇಕು. ಸ್ಕ್ರೀನಿಂಗ್ ಪರೀಕ್ಷೆಗಳನ್ನು ನಾವು ಎರಡು ಪ್ರಶ್ನೆ ಕೇಳಿ ಅಳೆಯುತ್ತೇವೆ. ಸಿಕ್ಕವರಲ್ಲಿ ನಿಜವಾಗಿ ರೋಗವಿರುವವರೆಷ್ಟು? ರೋಗವಿದ್ದೂ ಸಿಗದೆ ಹೋದವರೆಷ್ಟು? ಪ್ರತಿಭಾ ಪರೀಕ್ಷೆ ನಡೆಸುವವರು ಮೊದಲ ಪ್ರಶ್ನೆಗೆ ಉತ್ಸಾಹದಿಂದ ಉತ್ತರಿಸುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. 2009ರಲ್ಲಿ ಇಂಟರ್ನೆಟ್ಟಿನಲ್ಲಿ ಪರೀಕ್ಷೆ ಎಂದಾಗ ಸುಬಾಂಗ್ ಜಯದ ಮಗುವಿಗೆ ಅದು ಮನೆಯ ಮೇಜಿನ ಮೇಲಿತ್ತು. ಸರವಾಕಿನ ಒಳನಾಡಿನ ಲಾಂಗ್‌ಹೌಸಿನ ಮಗುವಿಗೆ, ಪೆರಾಕಿನ ತೋಟದ ಲೈನು ಮನೆಯ ಮಗುವಿಗೆ ಎಲ್ಲಿತ್ತು? ಪರೀಕ್ಷೆಯ ಸುದ್ದಿಯನ್ನು ತಲುಪಿಸಿ, "ನೀನು ಬರೆ" ಎನ್ನಲು ಅಲ್ಲಿ ಒಬ್ಬ ಮೇಷ್ಟರು ಬೇಕು. ಬೇಟ್ಸ್‌ನ ಕಥೆಯಲ್ಲೂ ನೋಡಿ. ಪರೀಕ್ಷೆಗಿಂತ ಮೊದಲು ಅವನ ಬೇಜಾರನ್ನು ಕಂಡು ಕೈಹಿಡಿದು ಸ್ಟ್ಯಾನ್ಲಿಯ ಬಳಿಗೆ ಕರೆದೊಯ್ದವರು ಅವನ ಅಧ್ಯಾಪಕಿ. ಐದನೆಯ ತರಗತಿಯಲ್ಲಿ ನನ್ನ ಮಗಳಿಗೆ ಬೇಕಾಗಿದ್ದದ್ದೂ ಅಂಥ ಒಬ್ಬರು. ಆ ಕೆಲಸ ಮೊದಲು ಮಾಡಬೇಕಿದ್ದವನು ಮನೆಯಲ್ಲೇ ಇದ್ದ ನಾನು.

ಈಗ ಮಹಾಸಭೆಯ ಸಲಹೆಗ ಬರುತ್ತೇನೆ. ಅಮೆರಿಕದಲ್ಲಿ ಇಂದು ರಜಾ ಕೋರ್ಸುಗಳು ಎರಡು ಬಗೆ. ಒಂದು ಬಗೆಯವು ಕಠಿಣವಾಗಿ ಆಯ್ದು, ಆಯ್ದವರಿಂದ ಬಿಡಿಗಾಸನ್ನೂ ಕೇಳದೆ ಓದಿಸುವವು. 1954ರಿಂದ ಟೆಲ್ಯುರೈಡ್ ಸಂಸ್ಥೆ ನಡೆಸುತ್ತಿರುವುದು, 1984ರಲ್ಲಿ ಆರಂಭವಾಗಿ ಈಗ ಎಂಐಟಿಯಲ್ಲಿ ನಡೆಯುವ ಸಂಶೋಧನಾ ಶಿಬಿರ ಆ ಜಾತಿಯವು. ಇನ್ನೊಂದು ಬಗೆಯವು ವಿಶ್ವವಿದ್ಯಾಲಯದ ಹೆಸರನ್ನು ಮುಂದಿಟ್ಟು ಫೀಸು ಪಡೆದು ನಡೆಯುವವು. ಹಾರ್ವರ್ಡಿನಂಥ ಕಡೆ ಎರಡು ವಾರಕ್ಕೆ 5,000 ಡಾಲರಿಗೂ ಮೇಲೆ. ಎಂದರೆ ಸುಮಾರು 20,000 ರಿಂಗಿಟ್, ವಿಮಾನದ ಖರ್ಚು ಬೇರೆ. ಪಾಠ ಕೆಟ್ಟದಿರುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿಗೆ ಹೋಗಿಬಂದರೆ ಆ ವಿಶ್ವವಿದ್ಯಾಲಯದ ಪ್ರವೇಶಕ್ಕೆ ದಾರಿಯಾಗುತ್ತದೆ ಎಂದು ನಂಬಿ ಯಾರೂ ಸಾಲ ಮಾಡಬೇಡಿ. ಖಾಲಿ ಹಾಸ್ಟೆಲ್ಲಿನ ಮಂಚಕ್ಕೆ ಬಾಡಿಗೆ ಬರುವುದು ಆ ಫೀಸಿನಿಂದಲೇ. ಇಲ್ಲಿಯೂ ಇಂಥವು ಹುಟ್ಟಿವೆ. ಕೆಲವು ವರ್ಷದ ಹಿಂದೆ ಖಾಸಗಿ ಕಾಲೇಜೊಂದರ "ಭಾವಿ ವೈದ್ಯರ" ರಜಾ ಶಿಬಿರಕ್ಕೆ ನನ್ನನ್ನು ಕರೆದಿದ್ದರು. ಹದಿನಾರರ ಮಕ್ಕಳಿಗೆ ಬಿಳಿ ಕೋಟು ತೊಡಿಸಿ, ಕೊರಳಿಗೆ ಸ್ಟೆತಸ್ಕೋಪ್ ಹಾಕಿ ಫೋಟೋ ತೆಗೆಯುವುದರಲ್ಲೇ ಬೆಳಗ್ಗೆ ಕಳೆಯಿತು. ಹೃದಯದ ಸದ್ದನ್ನು ಕೇಳಿಸೋಣವೆಂದರೆ ಎದುರಿಗೆ ಊಟದ ಗಂಟೆ. ಮರುವರ್ಷ ನಾನು ಹೋಗಲಿಲ್ಲ.

ಹಾಗಾಗಿ ನಿಧಿಯ ಹಣವನ್ನು ಒಬ್ಬ ಮಗುವಿನ ಅಮೆರಿಕ ಪ್ರವಾಸಕ್ಕೆ ಕೊಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಉಚಿತವಾಗಿ ಓದಿಸುವ ಕಡೆ ನಮ್ಮ ಮಗು ತನ್ನ ಬಲದ ಮೇಲೆ ಆಯ್ಕೆಯಾದರೆ ಟಿಕೆಟ್ಟಿನ ಹಣ ಕೊಡೋಣ, ಅದಕ್ಕೆ ಕೈ ಎತ್ತುತ್ತೇನೆ. ಉಳಿದ ಹಣಕ್ಕೆ ನನ್ನದೊಂದು ಸಲಹೆ ಇದೆ. ನಮ್ಮಲ್ಲಿ ಎಂಜಿನಿಯರುಗಳಿದ್ದಾರೆ, ಲ್ಯಾಬು ನಡೆಸುವವರಿದ್ದಾರೆ, ನಿವೃತ್ತ ಅಧ್ಯಾಪಕಿಯರು ಮೂವರಿದ್ದಾರೆ. ರಜೆಯಲ್ಲಿ ಒಂದು ವಾರ ಹಾಲು ಬಾಡಿಗೆಗೆ ಹಿಡಿದು ಸುತ್ತಲಿನ ಶಾಲೆಗಳ ವಿಜ್ಞಾನದ ಮೇಷ್ಟರನ್ನು ಕರೆಸೋಣ, ನಮ್ಮ ಮಕ್ಕಳು ಓದುವ ಶಾಲೆಯಾಗಲಿ, ತೋಟದ ತಮಿಳು ಶಾಲೆಯಾಗಲಿ. ಅವರ ಪ್ರಯಾಣದ ಖರ್ಚು, ಊಟ, ಮನೆಗೆ ಒಯ್ಯಲು ಒಂದಿಷ್ಟು ಸಾಮಾನು ಕೊಡೋಣ. 20,000 ರಿಂಗಿಟ್ಟಿನಲ್ಲಿ ಎಷ್ಟು ಗಾಜು, ಎಷ್ಟು ಬಲ್ಬು ಬರುತ್ತದೆಂದು ನಾನು ಹಾರ್ಡ್‌ವೇರ್ ಅಂಗಡಿಯಲ್ಲಿ ವಿಚಾರಿಸಿಯೂ ಬಂದಿದ್ದೇನೆ. ಮತ ಹಾಕುವುದು ನಿಮಗೆ ಬಿಟ್ಟದ್ದು.

ಈ ಲೇಖನವನ್ನು ಕಳುಹಿಸುವ ಮೊದಲು ಮಗಳಿಗೆ ಓದಲು ಕೊಟ್ಟೆ. ಅವಳ ವಿಷಯ ಬರೆದಿದ್ದೇನಲ್ಲ, ಒಪ್ಪಿಗೆ ಕೇಳಬೇಕು. ಓದಿ ಮುಗಿಸಿ ಅವಳು ಕೇಳಿದ್ದು ಒಂದೇ: "ನನ್ನ ಪಿಟಿಎಸ್ ರಿಸಲ್ಟಿನ ಚೀಟಿ ಇನ್ನೂ ಇಟ್ಟಿದ್ದೀಯಾ?" ಇಟ್ಟಿದ್ದೆ. ಬೀರುವಿನಿಂದ ಹಳೆಯ ಫೈಲು ತೆಗೆದುಕೊಟ್ಟೆ. ಆ ಚೀಟಿಯ ಹಿಂದೆಯೇ ಅವಳ ಆಡಿಯೋಗ್ರಾಂ ಇತ್ತು, ಎರಡಕ್ಕೂ ಒಂದೇ ಪಿನ್ನು.